ಗೊರಕೆ ನಿಂತಿದೆ, ತೂಕಡಿಕೆ ಮರಳಿದೆ

ಸ್ಲೀಪ್ ಆಪ್ನಿಯಾಕ್ಕೆ ಸಿಪ್ಯಾಪ್ ಯಂತ್ರ ಬಳಸುತ್ತಿದ್ದರೂ ಹಗಲು ನಿದ್ದೆ ಮತ್ತೆ ಕಾಡತೊಡಗಿದರೆ ಕಾರಣವನ್ನು ಎಲ್ಲಿ ಹುಡುಕಬೇಕು? ಯಂತ್ರದ ಪರದೆ ತೋರಿಸುವ ಅಂಕಿಯನ್ನು ಎಷ್ಟು ನಂಬಬೇಕು?

ಯಂತ್ರ ಮನೆಗೆ ಬಂದ ಮೊದಲ ತಿಂಗಳು ಎಲ್ಲರಿಗೂ ಖುಷಿ. ಪಕ್ಕದ ಕೋಣೆಗೂ ಕೇಳುತ್ತಿದ್ದ ಗೊರಕೆ ನಿಂತು, ಹೆಂಡತಿಗೂ ಎಷ್ಟೋ ವರ್ಷಗಳ ಮೇಲೆ ನಿದ್ದೆ ಹತ್ತುತ್ತದೆ. ಬೆಳಿಗ್ಗೆ ಎದ್ದಾಗ ತಲೆ ಹಗುರ. ಮಧ್ಯಾಹ್ನದ ಮೀಟಿಂಗಿನಲ್ಲಿ ಕಣ್ಣು ಎಳೆಯುವುದಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕೆಲವರ ಮನೆಯಲ್ಲಿ ಹಳೆಯದೆಲ್ಲ ಮತ್ತೆ ಶುರುವಾಗುತ್ತದೆ. ಟಿವಿ ಎದುರು ಕತ್ತು ವಾಲುತ್ತದೆ, ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪು ದಾಟಿಹೋಗುತ್ತದೆ, ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಗಾಡಿ ಮುಂದಕ್ಕೆ ಹೋಗುತ್ತದೆ. ‘ರೀ, ರಾತ್ರಿ ಮಾಸ್ಕ್ ಹಾಕ್ಕೊಂಡೇ ಮಲಗಿದ್ರಲ್ಲ, ಮತ್ಯಾಕೆ ಹೀಗೆ?’ ಎಂಬ ಪ್ರಶ್ನೆ ಏಳುತ್ತದೆ.

ಉತ್ತರಗಳಿಗೇನೂ ಬರವಿಲ್ಲ. ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ ಒಬ್ಬರು. ‘ಶುಗರ್ ಇರಬೇಕು, ಟೆಸ್ಟ್ ಮಾಡಿಸಿ’ ಎನ್ನುತ್ತಾರೆ ಇನ್ನೊಬ್ಬರು. ‘ಅಷ್ಟು ದುಡ್ಡು ಸುರಿದ ಮಿಷಿನ್ ದಂಡವಾಯ್ತು’ ಎಂದು ರೋಗಿಯೇ ನಿರ್ಧರಿಸಿ, ಯಂತ್ರವನ್ನು ಅಟ್ಟಕ್ಕೆ ಏರಿಸುವುದೂ ಉಂಟು. ಈ ಮೂರರಲ್ಲಿ ಯಾವುದನ್ನು ಒಪ್ಪಿಕೊಂಡರೂ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಮರಳಿ ಬಂದ ತೂಕಡಿಕೆಯನ್ನು ಹೊಸ ರೋಗಲಕ್ಷಣವೆಂದೇ ಎಣಿಸಿ ಮೊದಲಿನಿಂದ ತನಿಖೆ ನಡೆಸಬೇಕು. ಆ ತನಿಖೆಗೆ ಒಂದು ಕ್ರಮವಿದೆ. ಕ್ರಮ ತಪ್ಪಿಸಿ ನೇರವಾಗಿ ಮಾತ್ರೆಗೆ ಕೈಹಾಕಿದರೆ ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ಸಿಡ್ನಿಯ ಗಾಳಿ

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ಉಸಿರು 10 ಸೆಕೆಂಡಾದರೂ ನಿಂತರೆ ಅಥವಾ ಅಷ್ಟು ಹೊತ್ತು ತೀರಾ ಕುಗ್ಗಿದರೆ ಅದು ಒಂದು ಘಟನೆ. ಗಂಟೆಗೆ ಇಂಥ ಎಷ್ಟು ಘಟನೆ ಎಂಬ ಸರಾಸರಿಯೇ ಎಎಚ್‌ಐ. ಅದು 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿದು ಮಿದುಳು ಗಾಬರಿಯಿಂದ ಅರೆಕ್ಷಣ ಎಚ್ಚರಗೊಳ್ಳುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಎಂಟು ಗಂಟೆ ಹಾಸಿಗೆಯಲ್ಲಿದ್ದೂ ಬೆಳಿಗ್ಗೆ ದಣಿವು ಆರಿರುವುದಿಲ್ಲ.

1980ರವರೆಗೆ ತೀವ್ರ ಆಪ್ನಿಯಾಕ್ಕೆ ಇದ್ದ ಖಚಿತ ಚಿಕಿತ್ಸೆಯೆಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದು. ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸುಲ್ಲಿವನ್ ಮೂಗಿನ ಮೂಲಕ ಒಂದೇ ಸಮನೆ ಒತ್ತಡದ ಗಾಳಿ ಹಾಯಿಸಿ, ಗಂಟಲು ಮುಚ್ಚದಂತೆ ತಡೆಯಬಹುದೆಂದು ತೋರಿಸಿದರು. ಐವರು ರೋಗಿಗಳ ಆ ವರದಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂದಿನ ಸಿಪ್ಯಾಪ್ ಹುಟ್ಟಿದ್ದು ಹಾಗೆ. ನಾಲ್ಕು ದಶಕಗಳಲ್ಲಿ ಯಂತ್ರ ಚಿಕ್ಕದಾಗಿದೆ, ಸದ್ದು ಕಳೆದುಕೊಂಡಿದೆ, ಒತ್ತಡವನ್ನು ತಾನೇ ಏರಿಸಿ ಇಳಿಸಲು ಕಲಿತಿದೆ. ಮೂಲತತ್ವ ಮಾತ್ರ ಬದಲಾಗಿಲ್ಲ. ಗಾಳಿ ಹಾಯುತ್ತಿರುವಷ್ಟು ಹೊತ್ತು ದಾರಿ ತೆರೆದಿರುತ್ತದೆ, ಮಾಸ್ಕ್ ತೆಗೆದರೆ ಕಾಯಿಲೆ ಇದ್ದಲ್ಲೇ ಇರುತ್ತದೆ. ಸಿಪ್ಯಾಪ್ ಆಪ್ನಿಯಾವನ್ನು ವಾಸಿಮಾಡುವುದಿಲ್ಲ, ತಡೆದು ಹಿಡಿಯುತ್ತದೆ.

ನಮ್ಮಲ್ಲಿ ಈ ಕಾಯಿಲೆಯ ಹೆಸರು ಮನೆಮಾತಾದದ್ದು ತಡವಾಗಿ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಇತ್ತು. ದೆಹಲಿಯ ಏಮ್ಸ್ ಸಂಶೋಧಕರು ದೇಶದ ಅಧ್ಯಯನಗಳನ್ನೆಲ್ಲ ಕಲೆಹಾಕಿ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 11ರಷ್ಟು ಮಂದಿಗೆ ಆಪ್ನಿಯಾ ಇದೆ. ದುಡಿಯುವ ವಯಸ್ಸಿನವರ ಲೆಕ್ಕದಲ್ಲಿ ಅದು ಸುಮಾರು 10.4 ಕೋಟಿ ಜನ. ಇವರಲ್ಲಿ ಪರೀಕ್ಷೆಯವರೆಗೆ ಬರುವವರೇ ಕಡಿಮೆ, ಬಂದವರಲ್ಲಿ ಯಂತ್ರ ಕೊಳ್ಳುವವರು ಇನ್ನೂ ಕಡಿಮೆ. ಕೊಂಡ ಮೇಲೂ ನಿದ್ದೆಗಣ್ಣಿನಲ್ಲೇ ದಿನ ದೂಡುವವರ ಬಗ್ಗೆ ಮಾತಾಡುವವರು ಯಾರೂ ಇಲ್ಲ.

ಪರದೆಯ ಅಂಕಿ ಏನು ಹೇಳುವುದಿಲ್ಲ?

ಬೆಳಿಗ್ಗೆ ಯಂತ್ರದ ಗುಂಡಿ ಒತ್ತಿದರೆ ಒಂದು ಅಂಕಿ ಮೂಡುತ್ತದೆ. ‘ಎಎಚ್‌ಐ 2.0’ ಎಂದಿದ್ದರೆ ನಗುಮುಖದ ಚಿತ್ರವೂ ಬರಬಹುದು. 5ಕ್ಕಿಂತ ಕಡಿಮೆ ಇದ್ದುದರಿಂದ ಎಲ್ಲ ಸರಿಯಿದೆ ಎಂದು ರೋಗಿಯೂ ಎಣಿಸುತ್ತಾರೆ, ಎಷ್ಟೋ ಸಲ ವೈದ್ಯರೂ ಎಣಿಸುತ್ತಾರೆ. ಈ ಅಂಕಿಯನ್ನು ಸ್ವಲ್ಪ ಕೆದಕಿ ನೋಡಬೇಕು.

ತೀವ್ರ ಆಪ್ನಿಯಾ ಇರುವ ಒಬ್ಬರು ರಾತ್ರಿ 10.30ಕ್ಕೆ ಮಾಸ್ಕ್ ಧರಿಸಿ ಮಲಗುತ್ತಾರೆ ಎಂದಿಟ್ಟುಕೊಳ್ಳಿ. 3 ಗಂಟೆಗೆ ಮೂತ್ರಕ್ಕೆ ಎದ್ದು ಬಂದವರು ಮಾಸ್ಕ್ ಬದಿಗಿಟ್ಟು ಹಾಗೇ ಮಲಗಿ, 6.30ಕ್ಕೆ ಏಳುತ್ತಾರೆ. ಮಾಸ್ಕ್ ಇದ್ದ ನಾಲ್ಕೂವರೆ ಗಂಟೆಯಲ್ಲಿ ಗಂಟೆಗೆ 2ರಂತೆ 9 ಘಟನೆ. ಮಾಸ್ಕ್ ಇಲ್ಲದ ಮೂರೂವರೆ ಗಂಟೆಯಲ್ಲಿ ಗಂಟೆಗೆ 40ರಂತೆ 140. ಒಟ್ಟು 149 ಘಟನೆಗಳನ್ನು ಎಂಟು ಗಂಟೆಗೆ ಹಂಚಿದರೆ ನಿಜವಾದ ಎಎಚ್‌ಐ ಸುಮಾರು 18.6. ಅಂದರೆ ಚಿಕಿತ್ಸೆಯಲ್ಲಿದ್ದೂ ಅವರಿಗಿರುವುದು ಮಧ್ಯಮ ಪ್ರಮಾಣದ ಆಪ್ನಿಯಾ. ಆದರೆ ಪರದೆಯ ಮೇಲೆ 2.0 ಎಂದೇ ಇರುತ್ತದೆ. ಮಾಸ್ಕ್ ಮುಖದ ಮೇಲಿದ್ದ ಹೊತ್ತನ್ನಷ್ಟೇ ಯಂತ್ರ ಎಣಿಸುತ್ತದೆ. ಆ ಹೊತ್ತಿನಲ್ಲೂ ನಿದ್ದೆ ಬಂದಿತ್ತೋ, ಸುಮ್ಮನೆ ಸೂರು ನೋಡುತ್ತಾ ಮಲಗಿದ್ದರೋ ಅದಕ್ಕೆ ಗೊತ್ತಾಗದು.

ಇದರಲ್ಲಿ ಇನ್ನೊಂದು ತೊಡಕಿದೆ. ಕನಸು ಹೆಚ್ಚು ಬೀಳುವ ರೆಮ್ ನಿದ್ದೆ ರಾತ್ರಿಯ ಕೊನೆಯ ಮೂರನೇ ಭಾಗದಲ್ಲೇ ಜಾಸ್ತಿ. ಆಗ ಮೈಯ ಸ್ನಾಯುಗಳು ತೀರಾ ಸಡಿಲವಾಗುವುದರಿಂದ ಎಷ್ಟೋ ಜನರಿಗೆ ಆಪ್ನಿಯಾ ಕೆರಳುವುದೂ ಆಗಲೇ. ಬೆಳಗಿನ ಜಾವ ಮಾಸ್ಕ್ ಕಳಚುವವರು ಅತಿ ಕೆಟ್ಟ ಹೊತ್ತಿನಲ್ಲೇ ಚಿಕಿತ್ಸೆ ತಪ್ಪಿಸಿಕೊಳ್ಳುತ್ತಾರೆ.

ಎಷ್ಟು ಗಂಟೆ ಬಳಸಿದರೆ ಸಾಕು? ಅಮೆರಿಕದ ಟೆರಿ ವೀವರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮೂರು ಉತ್ತರ ಕೊಟ್ಟಿತು. ‘ನಿದ್ದೆ ಬರುತ್ತಿದೆ’ ಎಂಬ ಅನಿಸಿಕೆ ಸುಧಾರಿಸಲು ಸುಮಾರು 4 ಗಂಟೆ, ಪ್ರಯೋಗಾಲಯದಲ್ಲಿ ಅಳೆದ ಹಗಲಿನ ತೂಕಡಿಕೆ ತಗ್ಗಲು 6 ಗಂಟೆ, ದಿನದ ಕೆಲಸ ಕಾರ್ಯಗಳು ಹಳಿಗೆ ಬರಲು 7.5 ಗಂಟೆ. ಆದರೆ ಜನಜನಿತವಾದದ್ದು ಮೊದಲನೆಯ ಅಂಕಿ. ಅಮೆರಿಕದ ಮೆಡಿಕೇರ್ ವಿಮೆ ಯಂತ್ರದ ಖರ್ಚು ಕೊಡುವುದನ್ನು ಮುಂದುವರಿಸಬೇಕಾದರೆ 30 ದಿನಗಳಲ್ಲಿ ಶೇ 70ರಷ್ಟು ರಾತ್ರಿ ಕನಿಷ್ಠ 4 ಗಂಟೆ ಬಳಸಿರಬೇಕು. ಹಣ ಕೊಡುವವರು ಹಾಕಿದ ಈ ಗೆರೆಯೇ ಜಗತ್ತಿನಾದ್ಯಂತ ಆರೋಗ್ಯದ ಗುರಿಯಂತೆ ಪ್ರಚಾರವಾಯಿತು. ನಾಲ್ಕು ಗಂಟೆ ಪಾಸ್‌ಮಾರ್ಕು ಅಷ್ಟೇ. ಮಲಗಿದಷ್ಟು ಹೊತ್ತೂ ಮಾಸ್ಕ್ ಇರಬೇಕು, ಮಧ್ಯಾಹ್ನದ ಸಣ್ಣ ನಿದ್ದೆಗೂ.

ಒಂದು ವಿಷಯದಲ್ಲಿ ಮಾತ್ರ ಆ ನಿಯಮದಿಂದ ಲಾಭವಿದೆ. ದುಡ್ಡಿನ ಪ್ರಶ್ನೆ ಇರುವುದರಿಂದ ಅಲ್ಲಿ ಯಾರಾದರೊಬ್ಬರು ಯಂತ್ರದ ದಾಖಲೆ ತೆಗೆದು ನೋಡುತ್ತಾರೆ. ಇಲ್ಲಿ ಬಹುಪಾಲು ಜನ ಯಂತ್ರವನ್ನು ಕೈಯಿಂದ ದುಡ್ಡು ಹಾಕಿ ಕೊಳ್ಳುತ್ತಾರೆ. ಡೀಲರ್ ಕಡೆಯ ಹುಡುಗ ಮನೆಗೆ ಬಂದು, ಮಾಸ್ಕ್ ಹಾಕುವುದು ಹೇಗೆಂದು ತೋರಿಸಿ, ಸಹಿ ಮಾಡಿಸಿಕೊಂಡು ಹೋದರೆ ಎಷ್ಟೋ ಕಡೆ ಅಲ್ಲಿಗೆ ಎಲ್ಲ ಮುಗಿಯಿತು. ಯಂತ್ರದೊಳಗಿನ ಪುಟ್ಟ ಮೆಮೊರಿ ಕಾರ್ಡಿನಲ್ಲಿ ರಾತ್ರಿಗಳ ಲೆಕ್ಕವೆಲ್ಲ ತುಂಬಿರುತ್ತದೆ, ತೆರೆದು ಓದುವವರಿಲ್ಲ. ಒತ್ತಡದ ಮಿತಿಯೂ ಕಾರ್ಖಾನೆಯಿಂದ ಬಂದಂತೆ 4ರಿಂದ 20 ಎಂದೇ ಉಳಿದಿರುವುದುಂಟು. ಒಬ್ಬರಿಗೆ 4ರ ಒತ್ತಡದಲ್ಲಿ ಉಸಿರು ಕಟ್ಟಿದಂತಾಗುತ್ತದೆ, ಇನ್ನೊಬ್ಬರಿಗೆ 15 ದಾಟಿದ ಕೂಡಲೇ ಮಾಸ್ಕಿನ ಅಂಚಿನಿಂದ ಗಾಳಿ ನುಗ್ಗಿ ಎಚ್ಚರವಾಗುತ್ತದೆ.

ಸೋರಿಕೆಯ ಮೂಲಗಳು

ತನಿಖೆಯ ಮೊದಲ ಹಂತ ಬಳಕೆಯ ಗಂಟೆಗಳಾದರೆ ಎರಡನೆಯದು ಸೋರಿಕೆ. ಹೆಚ್ಚು ಬಳಕೆಯಲ್ಲಿರುವ ಒಂದು ಕಂಪನಿಯ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ಮೀರಿದ ಸೋರಿಕೆ ಅತಿಯೆಂದು ಲೆಕ್ಕ. ಸೋರಿಕೆ ಹೆಚ್ಚಿದರೆ ಗಂಟಲಿಗೆ ಸಾಕಷ್ಟು ಒತ್ತಡ ತಲುಪುವುದಿಲ್ಲ. ಮೇಲಾಗಿ ಯಂತ್ರ ಎಣಿಸುವ ಎಎಚ್‌ಐ ಕೂಡ ನಂಬಿಕೆಗೆ ಅರ್ಹವಲ್ಲ.

ಹಳೆಯ ಮಾಸ್ಕೊಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಮೂಗಿಗೆ ಕೂರುವ ಸಿಲಿಕೋನ್ ಕುಶನ್ ಹೊಸದರಲ್ಲಿ ಹಾಲುಬಿಳಿ, ಮುಟ್ಟಿದರೆ ಪುಟಿಯುತ್ತದೆ. ತಿಂಗಳುಗಟ್ಟಲೆ ಬೆವರು, ಜಿಡ್ಡು ಕುಡಿದ ಮೇಲೆ ಹಳದಿಗಟ್ಟಿ, ಅಂಚು ಮಡಚಿಕೊಂಡು, ಬೆರಳಿಗೆ ಅಂಟಿನಂತೆ ಹತ್ತುತ್ತದೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ಮನೆಗಳಲ್ಲಿ ಇದು ಇನ್ನೂ ಬೇಗ. ಎಣ್ಣೆಗೆ ಪಟ್ಟಿ ಜಾರುತ್ತದೆ, ಜಾರಿದ್ದಕ್ಕೆ ಇನ್ನಷ್ಟು ಬಿಗಿಯುತ್ತಾರೆ, ಬಿಗಿದಷ್ಟೂ ಕುಶನ್ ಚಪ್ಪಟೆಯಾಗಿ ಗಾಳಿ ಕಣ್ಣಿನ ಕಡೆಗೆ ನುಗ್ಗುತ್ತದೆ. ಬೆಳಿಗ್ಗೆ ಕಣ್ಣು ಕೆಂಪಾಗಿದ್ದರೆ, ಮೂಗಿನ ಸೇತುವೆಯ ಮೇಲೆ ಗೆರೆ ಮೂಡಿದ್ದರೆ, ಬಾಯಿ ಒಣಗಿದ್ದರೆ ಸೋರಿಕೆಯನ್ನು ಸಂಶಯಿಸಲೇಬೇಕು. ಹೊಸದಾಗಿ ಗಡ್ಡ ಬಿಟ್ಟಿರುವುದು, ಹಲ್ಲಿನ ಸೆಟ್ ತೆಗೆದಿಟ್ಟು ಮಲಗುವುದರಿಂದ ಕೆನ್ನೆ ಒಳಸೇರಿರುವುದು, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು ಇವೆಲ್ಲ ಇದೇ ಪಟ್ಟಿಗೆ ಸೇರುತ್ತವೆ. ಬೆಂಗಳೂರಿನ ದೂಳಿನಲ್ಲಿ ಫಿಲ್ಟರ್ ಎಷ್ಟು ಬೇಗ ಕಪ್ಪಾಗುತ್ತದೆಂಬುದನ್ನು ತೆಗೆದು ನೋಡಿದವರೇ ಬಲ್ಲರು.

ಕರೆಂಟಿನ ಪಾಡು ಬೇರೆ. ನಡುರಾತ್ರಿ ವಿದ್ಯುತ್ ಹೋದರೆ ಯಂತ್ರ ನಿಲ್ಲುತ್ತದೆ, ಮಾಸ್ಕ್ ತೆಗೆಯದೆ ಬೇರೆ ದಾರಿಯಿಲ್ಲ. ಇನ್ವರ್ಟರಿಗೆ ಜೋಡಿಸುವವರು ನೀರು ಕಾಯಿಸುವ ಹ್ಯೂಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ಶಬ್ದ ತಡೆಯಲು ಒಳಗಿಟ್ಟಿದ್ದ ಫೋಮ್ ಪುಡಿಯಾಗಿ ಗಾಳಿಯಲ್ಲಿ ಸೇರಬಹುದೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಲಕ್ಷಾಂತರ ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಕಡಿಮೆ ಬೆಲೆಗೆ ಸಿಕ್ಕ ಹಳೆಯ ಯಂತ್ರ ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಜಾಣತನ.

ಯಂತ್ರ ಅದೇ, ದೇಹ ಬೇರೆ

ಗಂಟೆ, ಸೋರಿಕೆ ಎರಡೂ ಸರಿಯಿದ್ದರೆ ತಕ್ಕಡಿ ಹತ್ತಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೀರ್ಘಕಾಲದ ಅಧ್ಯಯನವೊಂದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮೈತೂಕ ಶೇ 10 ಏರಿದವರಲ್ಲಿ ಎಎಚ್‌ಐ ಸುಮಾರು ಶೇ 32 ಹೆಚ್ಚಿತ್ತು, ಶೇ 10 ಇಳಿದವರಲ್ಲಿ ಸುಮಾರು ಶೇ 26 ತಗ್ಗಿತ್ತು. 80 ಕೆ.ಜಿ. ಇದ್ದಾಗ ಗೊತ್ತುಮಾಡಿದ ಒತ್ತಡ 88 ಕೆ.ಜಿ.ಗೆ ಸಾಲದೇ ಹೋಗಬಹುದು. ಉಲ್ಟಾ ಪ್ರಸಂಗವೂ ಈಗ ಹೆಚ್ಚುತ್ತಿದೆ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರ ಚಿಕಿತ್ಸೆಗೆಂದೂ ಒಪ್ಪಿಗೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಆ ಔಷಧ ಭಾರತದ ಮಾರುಕಟ್ಟೆಗೂ ಬಂತು. ಹತ್ತಾರು ಕೆ.ಜಿ. ಇಳಿದವರಿಗೆ ಹಳೆಯ ಒತ್ತಡ ಅತಿಯಾಗಿ, ಹೊಟ್ಟೆ ಉಬ್ಬರಿಸಿ, ಮಾಸ್ಕ್ ಸಡಿಲವಾಗಿ ನಿದ್ದೆ ಕೆಡಬಹುದು. ತೂಕ ಯಾವ ಕಡೆಗೆ ಬದಲಾದರೂ ಯಂತ್ರವನ್ನು ಮತ್ತೆ ಹೊಂದಿಸಬೇಕು.

ಕೆಲವರಲ್ಲಿ ಆಪ್ನಿಯಾದ ಬಗೆಯೇ ಬದಲಾಗುತ್ತದೆ. ಗಂಟಲು ತೆರೆದಿದ್ದರೂ ಉಸಿರಾಡು ಎಂಬ ಆಜ್ಞೆಯನ್ನೇ ಮಿದುಳು ಆಗಾಗ ಕೊಡದಿರುವುದು ಸೆಂಟ್ರಲ್ ಆಪ್ನಿಯಾ. ಸಿಪ್ಯಾಪ್ ಶುರುಮಾಡಿದ ಮೇಲೆ ಇದು ತಲೆಹಾಕುವುದುಂಟು. ಹಲವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ತಗ್ಗುತ್ತದೆ. ಹೃದಯ ದುರ್ಬಲವಾದವರಲ್ಲಿ, ಟ್ರಮಡಾಲ್‌ನಂಥ ನೋವುನಿವಾರಕ ತೆಗೆದುಕೊಳ್ಳುವವರಲ್ಲಿಯೂ ಕಾಣಿಸಬಹುದು. ಇಂಥಲ್ಲಿ ‘ಇನ್ನೂ ದುಬಾರಿ ಮಿಷಿನ್ ತಗೊಳ್ಳಿ’ ಎಂಬ ಅಂಗಡಿಯವರ ಸಲಹೆ ಅಪಾಯ. ಸೆಂಟ್ರಲ್ ಆಪ್ನಿಯಾಕ್ಕೆಂದೇ ಬಂದ ಎಎಸ್‌ವಿ ಯಂತ್ರ, ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದ ರೋಗಿಗಳಲ್ಲಿ ಹೃದಯಸಂಬಂಧಿ ಸಾವನ್ನು ಹೆಚ್ಚಿಸಿತೆಂದು ಸರ್ವ್-ಎಚ್‌ಎಫ್ ಅಧ್ಯಯನ 2015ರಲ್ಲಿ ತೋರಿಸಿತು.

ಆಪ್ನಿಯಾದ ತಪ್ಪೇ ಇಲ್ಲದಿದ್ದಾಗ

ಉಸಿರಾಟ ಪೂರ್ತಿ ಸರಿಯಿದ್ದೂ ನಿದ್ದೆ ಎಳೆಯಬಹುದು. ಆಗ ಕೇಳಬೇಕಾದ ಮೊದಲ ಪ್ರಶ್ನೆ ತೀರಾ ಸರಳ. ನೀವು ಮಲಗುವುದು ಎಷ್ಟು ಹೊತ್ತು? ಹನ್ನೊಂದೂವರೆಗೆ ಕ್ಯಾಬ್‌ನಿಂದ ಇಳಿದು, ಊಟ ಮಾಡಿ, ಮೊಬೈಲ್ ನೋಡಿ, ಒಂದೂವರೆಗೆ ಮಾಸ್ಕ್ ಹಾಕಿ, ಆರಕ್ಕೆ ಮಕ್ಕಳ ಶಾಲೆಗೆಂದು ಏಳುವವರಿಗೆ ಜಗತ್ತಿನ ಯಾವ ಯಂತ್ರವೂ ನಿದ್ದೆ ತುಂಬಿಕೊಡಲಾರದು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಗಡಿಯಾರಕ್ಕೆ ದುಡಿಯುವವರ, ಪಾಳಿ ಬದಲಾಗುತ್ತಲೇ ಇರುವ ನರ್ಸ್‌ಗಳ, ರಾತ್ರಿ ಬಸ್ ಚಾಲಕರ ಸಮಸ್ಯೆಯೂ ಇದೇ.

ಆಮೇಲೆ ಔಷಧದ ಚೀಟಿ. ಶೀತಕ್ಕೆ ನುಂಗುವ ಸಿಟ್ರಿಜಿನ್, ನರದ ನೋವಿಗೆ ಪ್ರೀಗಾಬಲಿನ್, ಅಮಿಟ್ರಿಪ್ಟಲಿನ್, ಆತಂಕಕ್ಕೆ ಕ್ಲೊನಾಜೆಪಾಮ್ ಇವೆಲ್ಲ ಹಗಲಿಗೂ ಮಂಪರು ಚಾಚುವ ಮಾತ್ರೆಗಳು. ಒಬ್ಬೊಬ್ಬ ವೈದ್ಯರು ಒಂದೊಂದನ್ನು ಬರೆದಿರುತ್ತಾರೆ, ಎಲ್ಲವನ್ನೂ ಒಟ್ಟಿಗೆ ನೋಡಿದವರು ಇರುವುದಿಲ್ಲ. ಥೈರಾಯ್ಡ್ ಕುಗ್ಗಿರುವುದು, ರಕ್ತಹೀನತೆ, ಖಿನ್ನತೆ ಕೂಡ ಹಗಲಿನ ಜಡತ್ವವಾಗಿಯೇ ಮೊದಲು ಕಾಣಿಸಿಕೊಳ್ಳಬಹುದು.

ಕಾಲಿನದೂ ಒಂದು ಕಥೆಯಿದೆ. ಸಂಜೆಯಾಗುತ್ತಲೇ ಮೀನಖಂಡದಲ್ಲಿ ಹುಳ ಹರಿದಂತಾಗಿ ಕಾಲು ಆಡಿಸದೆ ಇರಲಾಗದ ಸ್ಥಿತಿಗೆ ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರೆ. ಇದರ ಹಿಂದೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಲ್ಯಾಬ್ ವರದಿಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 30 ಇದ್ದರೆ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಈ ಕಾಯಿಲೆಯ ಮಟ್ಟಿಗೆ 75ರವರೆಗೂ ಕಬ್ಬಿಣ ಕೊಡುವುದನ್ನು ಪರಿಗಣಿಸಬೇಕೆಂಬುದು ತಜ್ಞರ ಮಾರ್ಗಸೂಚಿ. ಹಿಮೋಗ್ಲೋಬಿನ್ ಸರಿಯಿದೆಯೆಂದು ಸುಮ್ಮನಾಗುವಂತಿಲ್ಲ.

ಇವೆಲ್ಲವನ್ನೂ ಜರಡಿ ಹಿಡಿದ ಮೇಲೂ ಉಳಿಯುವ ಒಂದು ಗುಂಪಿದೆ. ಫ್ರಾನ್ಸಿನ ಹಲವು ಕೇಂದ್ರಗಳಲ್ಲಿ ಸಿಪ್ಯಾಪ್ ಸರಿಯಾಗಿ ಬಳಸುತ್ತಿದ್ದ ಸುಮಾರು 500 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 12ರಷ್ಟು ಮಂದಿಗೆ ಹಗಲು ನಿದ್ದೆ ಉಳಿದಿತ್ತು. ಖಿನ್ನತೆ, ರೆಸ್ಟ್‌ಲೆಸ್ ಲೆಗ್ಸ್, ಹಗಲಲ್ಲಿ ತಡೆಯಲಾಗದ ನಿದ್ದೆ ತರುವ ನಾರ್ಕೊಲೆಪ್ಸಿಯಂಥ ಬೇರೆ ಕಾರಣಗಳನ್ನು ಕಳೆದ ಮೇಲೆ ಅದು ಶೇ 6ಕ್ಕೆ ಇಳಿಯಿತು. ಅಂದರೆ ನಿದ್ದೆ ಉಳಿದವರಲ್ಲಿ ಅರ್ಧದಷ್ಟು ಜನರಿಗೆ ಹುಡುಕಿದರೆ ಬೇರೆ ಕಾರಣ ಸಿಕ್ಕಿತು. ಮಿಕ್ಕ ಅರ್ಧಕ್ಕೆ ಉತ್ತರ ಮಿದುಳಿನಲ್ಲೇ ಇರಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ರಿಡ್ ವೀಸಿ ಅವರ ತಂಡ ಇಲಿಗಳಿಗೆ ದೀರ್ಘಕಾಲ ಆಗಾಗ ಆಮ್ಲಜನಕ ಕಡಿತಗೊಳಿಸಿ ನೋಡಿದಾಗ, ಎಚ್ಚರವನ್ನು ಕಾಯುವ ನರಕೋಶಗಳಿಗೇ ಹಾನಿಯಾಗಿತ್ತು. ಮನುಷ್ಯರಲ್ಲೂ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಕಳೆದ ರಾತ್ರಿಗಳು ಇಂಥ ಗುರುತು ಬಿಟ್ಟಿರಬಹುದೆಂಬುದು ಊಹೆ. ಆದರೆ ಇಂಥವರ ನಿದ್ದೆ ಸಾಮಾನ್ಯವಾಗಿ ಪೂರ್ತಿ ಹೋಗಿಯೇ ಇರುವುದಿಲ್ಲ. ಒಮ್ಮೆ ಚೆನ್ನಾಗಿ ಹೋಗಿ ಮತ್ತೆ ಬಂದಿದೆಯೆಂದರೆ ಏನೋ ಬದಲಾಗಿದೆ ಎಂದೇ ಹುಡುಕಬೇಕು.

ಎಚ್ಚರ ಹೆಚ್ಚಿಸುವ ಮಾತ್ರೆಗಳಿವೆ. ಮೊಡಾಫಿನಿಲ್‌ಗೆ 2004ರಲ್ಲಿ ಎಫ್‌ಡಿಎ ಈ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟರೆ, ಚರ್ಮ, ಮನಸ್ಸು ಮತ್ತು ಹೃದಯದ ಮೇಲಿನ ದುಷ್ಪರಿಣಾಮ ತೂಗಿ ನೋಡಿದ ಯುರೋಪಿನ ನಿಯಂತ್ರಣ ಸಂಸ್ಥೆ 2010ರಲ್ಲಿ ಅದನ್ನು ನಾರ್ಕೊಲೆಪ್ಸಿಗಷ್ಟೇ ಸೀಮಿತಗೊಳಿಸಲು ಹೇಳಿತು. 2019ರಲ್ಲಿ ಅಮೆರಿಕದಲ್ಲಿ ಸೋಲ್ರಿಯಾಮ್ಫೆಟಾಲ್ ಬಂತು. ಇವು ಯಾವುವೂ ಗಂಟಲನ್ನು ತೆರೆದಿಡುವುದಿಲ್ಲ. ಮಾತ್ರೆಯಿಂದ ಎಚ್ಚರವಾಗಿದ್ದೇನೆಂದು ಮಾಸ್ಕ್ ಬಿಟ್ಟವರ ಆಪ್ನಿಯಾ ಒಳಗೊಳಗೇ ಮುಂದುವರಿಯುತ್ತದೆ. ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ಮೊಡಾಫಿನಿಲ್ ಕುಗ್ಗಿಸುತ್ತದೆ ಎಂಬುದನ್ನು ಹೆಣ್ಣುಮಕ್ಕಳಿಗೆ ಹೇಳಲೇಬೇಕು.

ವೈದ್ಯರ ಮುಂದೆ ಏನನ್ನು ಇಡಬೇಕು?

ಸುಸ್ತು ಬೇರೆ, ನಿದ್ದೆ ಬೇರೆ. ಮೈ ಕೈ ಸೋತಿದ್ದು ಮಲಗಿದರೆ ನಿದ್ದೆ ಬಾರದಿದ್ದರೆ ಅದು ಸುಸ್ತು. ಕೂತಲ್ಲೇ ಕಣ್ಣು ಮುಚ್ಚಿದರೆ ನಿದ್ದೆ. ಇದನ್ನು ಅಳೆಯಲು ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಪ್ರಶ್ನಾವಳಿಯಿದೆ. ಎಂಟು ಸನ್ನಿವೇಶ, ಒಂದೊಂದಕ್ಕೆ 0ಯಿಂದ 3 ಅಂಕ; ಒಟ್ಟು 10 ದಾಟಿದರೆ ಹಗಲು ನಿದ್ದೆ ಅತಿಯಾಗಿದೆ ಎಂದರ್ಥ. ಯಂತ್ರ ಶುರುಮಾಡುವ ಮುಂಚಿನ ಅಂಕ, ಚೆನ್ನಾಗಿದ್ದಾಗಿನ ಅಂಕ, ಈಗಿನ ಅಂಕ ಮೂರನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ತಿಳಿಯಾಗುತ್ತದೆ. ಉತ್ತರ ಬರೆಯುವಾಗ ಮನೆಯವರು ಜೊತೆಗಿರಲಿ, ತೂಕಡಿಸುವವರಿಗೆ ತಮ್ಮ ತೂಕಡಿಕೆ ಗೊತ್ತಿರುವುದು ಕಡಿಮೆ.

ಹೋಗುವಾಗ ಯಂತ್ರವನ್ನೂ ಮಾಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ಎರಡು ವಾರ ಮಲಗಿದ, ಎದ್ದ, ಮಾಸ್ಕ್ ತೆಗೆದ ಹೊತ್ತುಗಳನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ. ತೂಕ, ಎಲ್ಲ ಮಾತ್ರೆಗಳ ಪಟ್ಟಿ, ಕುಡಿತದ ಅಭ್ಯಾಸವಿದ್ದರೆ ಅದೂ ಮುಚ್ಚುಮರೆಯಿಲ್ಲದೆ ಹೇಳಿ. ಯಂತ್ರದ ದಾಖಲೆಯನ್ನು ಗಂಟೆ, ಸೋರಿಕೆ, ಉಳಿದ ಘಟನೆಗಳು ಎಂದು ಬಿಡಿಸಿ ತೋರಿಸಲು ಕೇಳಿ. ಅಲ್ಲೂ ಉತ್ತರ ಸಿಗದಿದ್ದರೆ ಮಾಸ್ಕ್ ಹಾಕಿಕೊಂಡೇ ಇನ್ನೊಮ್ಮೆ ಸ್ಲೀಪ್ ಸ್ಟಡಿ, ಬೇಕಾದರೆ ಮರುದಿನ ಹಗಲಿನ ನಿದ್ದೆ ಪರೀಕ್ಷೆ ಮಾಡಿಸಬೇಕಾದೀತು.

ಅಲ್ಲಿಯವರೆಗೆ ಒಂದು ವಿಷಯದಲ್ಲಿ ರಾಜಿ ಬೇಡ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು, ಚಾಲಕರ ರೆಪ್ಪೆ ನಾಲ್ಕು ಸೆಕೆಂಡು ಮುಚ್ಚಿದರೆ ಸುಮಾರು 89 ಮೀಟರ್ ಹೇಳುವವರು ಕೇಳುವವರಿಲ್ಲದೆ ಓಡುತ್ತದೆ. ಆಪ್ನಿಯಾ ಇರುವ ಚಾಲಕರಿಗೆ ಅಪಘಾತದ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆ ಹೇಳಿತು. ಬ್ರಿಟನ್ನಿನಲ್ಲಿ ಅತಿನಿದ್ದೆಯಿರುವ ಆಪ್ನಿಯಾ ರೋಗಿ ಅದನ್ನು ಲೈಸೆನ್ಸ್ ಕೊಡುವ ಇಲಾಖೆಗೆ ತಿಳಿಸಲೇಬೇಕು. ನಮ್ಮ ಆರ್‌ಟಿಒ ಅರ್ಜಿಯ ಸ್ವಯಂಘೋಷಣೆ ಮೂರ್ಛೆರೋಗ, ತಲೆಸುತ್ತು ಕೇಳುತ್ತದೆ, ಆಪ್ನಿಯಾದ ಹೆಸರೆತ್ತುವುದಿಲ್ಲ. ಕಾನೂನು ಕೇಳಲಿ, ಬಿಡಲಿ, ಹಗಲು ನಿದ್ದೆ ಮರಳಿದ್ದರೆ ಕಾರಣ ಸಿಕ್ಕಿ ಅದು ಹತೋಟಿಗೆ ಬರುವವರೆಗೆ ಸ್ಟಿಯರಿಂಗ್ ಇನ್ನೊಬ್ಬರ ಕೈಗೆ ಕೊಡಿ. ಮಾಸ್ಕನ್ನು ಮಾತ್ರ ಯಾವ ಕಾರಣಕ್ಕೂ, ಒಂದು ರಾತ್ರಿಗೂ ಬಿಡಬೇಡಿ.